ಚಳಿನಾಡಿನ ಗುಡ್ಡದಲ್ಲಿ ದ್ರಾಕ್ಷಿ

ಪ್ರಶ್ನೆ: ಜರ್ಮನಿ ಚಳಿಯ ದೇಶವಲ್ಲವೇ? ಅಲ್ಲಿನ ಕೈಸರ್‌ಸ್ಟೂಲ್ ಗುಡ್ಡದಲ್ಲಿ ವೈನ್ ದ್ರಾಕ್ಷಿ ಅಷ್ಟು ಚೆನ್ನಾಗಿ ಬೆಳೆಯುವುದು ಹೇಗೆ?

ಉತ್ತರ: ಫ್ರಾನ್ಸ್ ಗಡಿಯ ಬಳಿ, ರೈನ್ ನದಿಯ ಬಯಲಿನಲ್ಲಿ ಎದ್ದು ನಿಂತಿರುವ ಕೈಸರ್‌ಸ್ಟೂಲ್ ಆರಿಹೋದ ಜ್ವಾಲಾಮುಖಿ. ಎತ್ತರ ಬರೀ 557 ಮೀಟರ್. ಪಶ್ಚಿಮದ ಮೋಡಗಳು ಫ್ರಾನ್ಸಿನ ವೋಜ್ ಪರ್ವತಕ್ಕೆ ತಾಗಿ ಮಳೆಯ ಬಹುಪಾಲನ್ನು ಅಲ್ಲೇ ಸುರಿಸಿಬಿಡುತ್ತವೆ. ಇತ್ತ ಬಿಸಿಲೇ ಹೆಚ್ಚು. ವೋಜ್ ಮತ್ತು ಯೂರಾ ಪರ್ವತಗಳ ನಡುವಿನ ತಗ್ಗಿನಿಂದ ಮೆಡಿಟರೇನಿಯನ್ ಕಡೆಯ ಬೆಚ್ಚನೆಯ ಗಾಳಿಯೂ ನುಗ್ಗುತ್ತದೆ. ಜ್ವಾಲಾಮುಖಿಯ ಕಪ್ಪು ಕಲ್ಲು ಹಗಲೆಲ್ಲ ಬಿಸಿಲು ಹೀರಿ, ಒಲೆ ಆರಿದ ಮೇಲೂ ಬಿಸಿಯಾಗಿಯೇ ಇರುವ ರೊಟ್ಟಿ ಹಂಚಿನಂತೆ, ಸಂಜೆಯ ಮೇಲೂ ಬಳ್ಳಿಗೆ ಶಾಖ ಕೊಡುತ್ತದೆ.

ನನಗೆ ಇದಕ್ಕಿಂತ ಅಚ್ಚರಿ ಎನಿಸುವುದು ಅಲ್ಲಿನ ಮಣ್ಣು. ಹಿಮಯುಗದಲ್ಲಿ ಗಾಳಿ ಹೊತ್ತು ತಂದ ಹಳದಿ ದೂಳು ಇಲ್ಲಿ ಮೀಟರುಗಟ್ಟಲೆ ದಪ್ಪಕ್ಕೆ ಕೂತಿದೆ. ಇದಕ್ಕೆ ಲೋಯೆಸ್ ಎನ್ನುತ್ತಾರೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ, ಕಡಿದರೆ ಮಾತ್ರ ಗೋಡೆಯಾಗಿ ನೆಟ್ಟಗೆ ನಿಲ್ಲುತ್ತದೆ! ಹಾಗಾಗಿಯೇ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೋಟ ಮಾಡಲು ಸಾಧ್ಯವಾಯಿತು. ನಮ್ಮ ಕಳ್ಳಿಪೀರದ ಕುಲಕ್ಕೆ ಸೇರಿದ ಹಕ್ಕಿಗಳು ಈ ಗೋಡೆಗಳಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಈ ಮಣ್ಣು ನೀರನ್ನೂ ಚೆನ್ನಾಗಿ ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಬೇರಿಗೆ ತೇವ ಸಿಗುತ್ತದೆ. ಮುಖ್ಯ ಬೆಳೆ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ.