ಅಗ್ಗದ ಊಟ, ಅವಸರದ ಅಲೆ

ಬ್ರಿಟನ್ನಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಸಾಲು ಬಹುಬೇಗ ಪರಿಚಯವಾಗುತ್ತದೆ. ಲಸಾನ್ಯ, ಚಿಕನ್ ಟಿಕ್ಕಾ ಮಸಾಲಾ, ಮ್ಯಾಕರೋನಿ ಚೀಸ್: ಎಲ್ಲವೂ ಒಬ್ಬರಿಗಾಗುವಷ್ಟು, ಪ್ಲಾಸ್ಟಿಕ್ ಟ್ರೇಯಲ್ಲಿ. ಬಾಡಿಗೆ ಕಟ್ಟಿ ಮಿಕ್ಕ ದುಡ್ಡಿನಲ್ಲಿ ತಿಂಗಳು ದೂಡುವವರು ಮೊದಲು ನೋಡುವುದು ಬೆಲೆಯನ್ನು. ಅದರ ಜೊತೆಗೆ ಮೈಕ್ರೋವೇವ್‌ಗೆ ಯಾವ ಊಟ ಒಗ್ಗುತ್ತದೆ ಎಂಬುದೂ ಗೊತ್ತಿದ್ದರೆ ಕಡಿಮೆ ಬೆಲೆಯದರಲ್ಲೇ ಒಳ್ಳೆಯದನ್ನು ಆರಿಸಬಹುದು.

ಈ ಯಂತ್ರದ ಜೀವಾಳ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್. ಎರಡನೇ ಮಹಾಯುದ್ಧದ ರೇಡಾರ್‌ಗೆ ಬೇಕಾದಷ್ಟು ಬಲವಾದ ಮ್ಯಾಗ್ನೆಟ್ರಾನನ್ನು 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ರೂಪಿಸಿದರು. ಅದರಿಂದ ಅಡುಗೆಯನ್ನೂ ಮಾಡಬಹುದೆಂದು ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು.

ಓವನ್ನಿನ ಅಲೆಗಳು ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸುತ್ತವೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ಅಲೆ ದಿಕ್ಕು ಬದಲಿಸಿದಾಗಲೆಲ್ಲ ಅಣುವೂ ಹೊರಳಲು ನೋಡುತ್ತದೆ. ಜಾತ್ರೆಯ ಗುಂಪಿನಲ್ಲಿ ಹಿಂದಿರುಗಲು ಹೋದವನ ಹಾಗೆ ಸುತ್ತಲಿನವರನ್ನೆಲ್ಲ ತಳ್ಳುತ್ತದೆ. ಆ ತಳ್ಳಾಟವೇ ಊಟದ ಬಿಸಿ. ಆದರೆ ಅಲೆಗಳ ಬಹುಪಾಲು ಶಕ್ತಿ ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲೇ ಖರ್ಚಾಗಿಬಿಡುತ್ತದೆ. ನಡುವಿಗೆ ಬಿಸಿ ತಲುಪಬೇಕಾದರೆ ಅಂಚಿನಿಂದ ನಿಧಾನವಾಗಿ ಹರಿದೇ ಬರಬೇಕು.

ಹೆಪ್ಪುಗಟ್ಟಿದ ಊಟದಲ್ಲಿ ಫಜೀತಿ ಇನ್ನೂ ಹೆಚ್ಚು. ಮಂಜುಗಡ್ಡೆಯಲ್ಲಿ ಅಣುಗಳು ಬಿಗಿದುಕೊಂಡಿರುವುದರಿಂದ ಅದು ಅಲೆಗಳನ್ನು ಹೀರುವುದು ತೀರ ಕಡಿಮೆ. ಒಂದು ಮೂಲೆ ಕರಗಿದ್ದೇ ತಡ, ಆ ನೀರು ಅಲೆಗಳನ್ನೆಲ್ಲ ಬಾಚಿಕೊಂಡು ಮತ್ತಷ್ಟು ಕಾಯುತ್ತದೆ. ಅಂಚಿನ ಗ್ರೇವಿ ಕೊತಕೊತ ಕುದಿಯುತ್ತಿದ್ದರೂ ನಡುವೆ ಚಮಚ ಇಳಿಯದ ಗಡ್ಡೆ ಉಳಿಯುವುದು ಹೀಗೆ. ಗ್ರೇವಿಗೆ ಉಪ್ಪು ಹೆಚ್ಚಾದಷ್ಟೂ ಅಲೆ ಒಳಗಿಳಿಯುವ ಆಳ ಇನ್ನೂ ಕುಗ್ಗುತ್ತದೆ.

ಲೆಕ್ಕ ಹಾಕಿ ನೋಡಿ. ಫ್ರಿಜ್ಜಿನಿಂದ ತೆಗೆದ 400 ಗ್ರಾಂ ಊಟವನ್ನು 5 ಡಿಗ್ರಿಯಿಂದ 75 ಡಿಗ್ರಿಗೇರಿಸಲು ಸುಮಾರು ಒಂದು ಲಕ್ಷ ಜೂಲ್ ಸಾಕು. 800 ವಾಟ್ ಪೂರ್ತಿಯಾಗಿ ಊಟಕ್ಕೇ ಸೇರಿದರೆ ಅದು ಎರಡು ನಿಮಿಷದ ಕೆಲಸ. ಡಬ್ಬಿಯ ಮೇಲೆ ನಾಲ್ಕೈದು ನಿಮಿಷ ಎಂದಿದ್ದರೆ, ಆ ಹೆಚ್ಚಿನ ಹೊತ್ತು ಬಿಸಿ ನಡುವಿನವರೆಗೆ ಹರಡಲಿ ಎಂದು. ಅರ್ಧಕ್ಕೆ ನಿಲ್ಲಿಸಿ ಕಲಕಿ, ಕೊನೆಗೆ ಒಂದು ನಿಮಿಷ ಹಾಗೇ ಬಿಡಿ ಎಂಬ ಸೂಚನೆಯೂ ಅದಕ್ಕೇ. ಬ್ರಿಟನ್ನಿನ ಆಹಾರ ಸುರಕ್ಷತೆಯ ಸಲಹೆಯಂತೆ ಊಟದ ನಟ್ಟನಡುವೆಯೂ 70 ಡಿಗ್ರಿ ಬಿಸಿ ಎರಡು ನಿಮಿಷ ನಿಲ್ಲಬೇಕು. ಹಾಸ್ಟೆಲಿನ ಓವನ್ 700 ವಾಟಿನದಾಗಿದ್ದು, ಡಬ್ಬಿಯ ಸಮಯ 900 ವಾಟಿನದಾಗಿದ್ದರೆ ಇನ್ನಷ್ಟು ಹೊತ್ತು ಇಡಲೇಬೇಕು.

ಹಾಗಾದರೆ ಕೊಳ್ಳುವುದು ಯಾವುದನ್ನು? ಕಲಕಲು ಬರುವ, ನೀರಿನಂಶ ತುಂಬಿದ ದಾಲ್, ಕರಿ, ಸೂಪ್ ಈ ಓವನ್ನಿಗೆ ಚೆನ್ನಾಗಿ ಒಗ್ಗುತ್ತವೆ. ಲಸಾನ್ಯವನ್ನು ಕಲಕಿದರೆ ಅದರ ಪದರಗಳೇ ಉಳಿಯವು. ಪೈ, ಪಿಜ್ಜಾಗಳ ಪಾಡು ಬೇರೆ: ಹೊಂಬಣ್ಣ, ಗರಿಗರಿ ಬರಲು ಸುಮಾರು 140 ಡಿಗ್ರಿ ಬೇಕು, ನೀರಿರುವ ಮೈ 100 ದಾಟುವುದಿಲ್ಲ. ಅವುಗಳ ಅಡಿಗೆ ಅಲ್ಯೂಮಿನಿಯಂ ಲೇಪದ ಬೂದು ಹಾಳೆಯಿದ್ದರೆ ಮಾತ್ರ ಸ್ವಲ್ಪ ಭರವಸೆ. ಆ ಲೇಪ ಅಲೆಗಳನ್ನು ಹೀರಿ ಕಾದ ಕಾವಲಿಯಾಗುತ್ತದೆ.

ಆಮೇಲೆ ಡಬ್ಬಿ ತಿರುವಿ ಓದಿ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಊಟದ ಹೆಸರಿನಲ್ಲಿರುವ ಸಾಮಗ್ರಿ ಶೇಕಡಾ ಎಷ್ಟೆಂದೂ ಹೇಳಬೇಕು. ಚಿಕನ್ ಶೇ. 12 ಎಂದಿದ್ದರೆ 400 ಗ್ರಾಂನಲ್ಲಿ 48 ಗ್ರಾಂ, ನಾಲ್ಕೈದು ಚೂರು. ಬೆಲೆ ಹೋಲಿಸಬೇಕಾದದ್ದು ಈ ಅಂಕಿಯೊಂದಿಗೆ. ಉಪ್ಪು 100 ಗ್ರಾಂಗೆ ಒಂದೂವರೆ ಗ್ರಾಂ ದಾಟಿದರೆ ಅಲ್ಲಿನ ಬಣ್ಣದ ಗುರುತಿನಲ್ಲಿ ಅದು ಕೆಂಪು. ದೊಡ್ಡವರಿಗೆ ಇಡೀ ದಿನದ ಮಿತಿಯೇ 6 ಗ್ರಾಂ.

ಕೈ ತೀರ ಬಿಗಿಯಿದ್ದರೆ ಅಗ್ಗದ ದಾಲ್ ಡಬ್ಬಿ, ಜೊತೆಗೊಂದು ಚೀಲ ಫ್ರೋಜನ್ ಬಟಾಣಿ ತಂದಿಟ್ಟುಕೊಳ್ಳಿ. ಅರ್ಧದಲ್ಲಿ ಕಲಕುವಾಗ ಒಂದು ಹಿಡಿ ಬಟಾಣಿ ಸೇರಿಸಿದರೆ ಪ್ರೊಟೀನು ಹೆಚ್ಚುತ್ತದೆ, ಬಾಯಿಗೆ ಉಪ್ಪೂ ಅಷ್ಟು ಹತ್ತುವುದಿಲ್ಲ. ಬಟಾಣಿಯ ತಂಪನ್ನು ಕಳೆಯಲು ಒಂದೆರಡು ನಿಮಿಷ ಹೆಚ್ಚಿಗೆ ಕಾಯಿಸಿ, ಹಬೆಯಾಡುವುದನ್ನು ನೋಡಿಕೊಂಡು ಉಣ್ಣಿ.