ಅನಿಲ ಶೋಧಕಗಳಿಗೂ ಮುಪ್ಪು

ಲೋಹದ ಒಂದು ಕೊಳವೆ, ಅದರ ನಡುವೆ ಬಿಗಿದು ಕಟ್ಟಿದ, ತಲೆಗೂದಲಿಗಿಂತಲೂ ತೆಳುವಾದ ಒಂದು ತಂತಿ, ಸುತ್ತಲೂ ಅನಿಲ. 1928ರಲ್ಲಿ ಜರ್ಮನಿಯ ಗೈಗರ್ ಮತ್ತು ಮ್ಯೂಲರ್ ರೂಪಿಸಿದ ಗಣಕದಿಂದ ಹಿಡಿದು ಇಂದಿನ ಬೃಹತ್ ಪ್ರಯೋಗಶಾಲೆಗಳವರೆಗೆ, ವಿಕಿರಣವನ್ನು ಪತ್ತೆಹಚ್ಚುವ ಎಷ್ಟೋ ಉಪಕರಣಗಳ ರಚನೆ ಇಷ್ಟೇ. ಸವೆಯುವಂಥ ಚಕ್ರವಾಗಲಿ ಕೀಲಾಗಲಿ ಇವುಗಳಲ್ಲಿಲ್ಲ. ಆದರೂ ಇವುಗಳಿಗೆ ಮುಪ್ಪು ಬರುತ್ತದೆ. ಅದು ಹೇಗೆಂಬುದನ್ನು ನೋಡೋಣ.

ವಿಕಿರಣದ ಕಣವೊಂದು ಅನಿಲದಲ್ಲಿ ಹಾಯುವಾಗ ಪರಮಾಣುಗಳಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಹಾಕುವುದು. ತಂತಿ ಧನ ವಿಭವದಲ್ಲಿರುವುದರಿಂದ ಇವು ಅದರತ್ತ ಧಾವಿಸುವುವು. ತಂತಿಯ ಸಮೀಪದಲ್ಲಿ ವಿದ್ಯುತ್ ಕ್ಷೇತ್ರ ಅತಿ ತೀವ್ರ. ಅಲ್ಲಿ ಒಂದೊಂದು ಎಲೆಕ್ಟ್ರಾನೂ ಡಿಕ್ಕಿ ಹೊಡೆದು ಮತ್ತೊಂದನ್ನು ಹೊರಡಿಸುವುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಕಣ್ಣೆವೆಯಿಕ್ಕುವುದರೊಳಗೆ ಸಾವಿರಾರು ಎಲೆಕ್ಟ್ರಾನುಗಳ ಪ್ರವಾಹವಾಗುವುದು. ನಾವು ಅಳೆಯುವುದು ಈ ಪ್ರವಾಹದಿಂದುಂಟಾದ ವಿದ್ಯುತ್ ಮಿಡಿತವನ್ನು.

ಅಪಾಯವಿರುವುದೂ ಇಲ್ಲಿಯೇ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಸಾಮಾನ್ಯವಾಗಿ 10 ಎಲೆಕ್ಟ್ರಾನ್-ವೋಲ್ಟಿಗೂ ಮಿಕ್ಕ ಶಕ್ತಿ ಬೇಕು. ಇಂಗಾಲ-ಜಲಜನಕಗಳ ಬಂಧವನ್ನು ಮುರಿಯಲಾದರೋ ನಾಲ್ಕೈದು ಸಾಕು. ಆದುದರಿಂದ ಅನಿಲದಲ್ಲಿ ಸಾವಯವ ಅಣುಗಳಿದ್ದರೆ ಅವು ಸುಲಭವಾಗಿ ಚೂರಾಗುವುವು. ಚೂರುಗಳು ಒಂದಕ್ಕೊಂದು ಹೆಣೆದುಕೊಂಡು ಪಾಲಿಮರಿನ ಲೇಪವಾಗಿ ತಂತಿಗೆ ಅಂಟುವುವು. ತಂತಿ ದಪ್ಪವಾದಷ್ಟೂ ಅದರ ಮೇಲ್ಮೈಯ ಕ್ಷೇತ್ರ ಕುಗ್ಗುವುದು, ಮಿಡಿತಗಳು ಸಣ್ಣವಾಗುವುವು. ಕೊಳವೆಯ ಒಳಮೈಯಲ್ಲಿ ಇಂಥ ಅವಾಹಕ ಪೊರೆ ಕಟ್ಟಿದರೆ ಇನ್ನೂ ಕೇಡು: ಧನ ಅಯಾನುಗಳು ಅದರ ಮೇಲೆ ಕೂಡಿ, ಲೋಹದಿಂದ ಎಲೆಕ್ಟ್ರಾನುಗಳನ್ನು ಸೆಳೆಯತೊಡಗುವುವು. ವಿಕಿರಣವೇ ಇಲ್ಲದಿದ್ದರೂ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಈ ಬಗೆಯ ಎಲೆಕ್ಟ್ರಾನ್ ಉತ್ಸರ್ಜನೆಯನ್ನು 1936ರಲ್ಲಿ ಮಾಲ್ಟರ್ ವರ್ಣಿಸಿದನು.

ಹಾಗಾದರೆ ಶುದ್ಧ ಅನಿಲವನ್ನು ಕೊಂಡು ತುಂಬಿದರಾಯಿತಲ್ಲವೆ? ಇಲ್ಲ. ಶುದ್ಧ ಅನಿಲವೂ ಶೋಧಕವನ್ನು ಮುಟ್ಟುವ ಮೊದಲು ನಳಿಗೆ, ರಬ್ಬರ್ ಉಂಗುರ, ಕವಾಟದ ಗ್ರೀಸು ಮೊದಲಾದವುಗಳನ್ನು ಸವರಿಕೊಂಡು ಬರಬೇಕು. ಇವುಗಳಲ್ಲಿ ಸಿಲಿಕೋನ್ ತೈಲದಷ್ಟು ಕುಖ್ಯಾತವಾದುದು ಬೇರೊಂದಿಲ್ಲ. ಅದರ ಆವಿಯಿಂದ ಹುಟ್ಟುವ ಲೇಪದಲ್ಲಿ ಸಿಲಿಕನ್ ಇರುವುದರಿಂದ ಅದನ್ನು ಕಳೆಯುವುದು ಬಹು ಕಷ್ಟ. ಹಾಳಾದ ತಂತಿಗಳನ್ನು ಪರೀಕ್ಷಿಸಿದವರಿಗೆ ಮತ್ತೆ ಮತ್ತೆ ಎದುರಾದ ಅಪರಾಧಿಯಿದು.

ಜಿನೀವಾದ ಬಳಿಯ ಸರ್ನ್ ಸಂಸ್ಥೆಯ ಎಲ್‌ಎಚ್‌ಸಿಬಿ ಪ್ರಯೋಗದ ಅನುಭವ ಇಲ್ಲಿ ಉಲ್ಲೇಖಾರ್ಹ. ಸುಮಾರು 5 ಮಿಲಿಮೀಟರ್ ವ್ಯಾಸದ 50,000ಕ್ಕೂ ಹೆಚ್ಚು ನಳಿಗೆಗಳು. ಒಂದೊಂದರಲ್ಲೂ ಚಿನ್ನದ ಲೇಪವಿರುವ 25 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿ. ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡುಗಳ ಮಿಶ್ರಣ. ಮಾದರಿಗಳು ಕಠಿನ ಪರೀಕ್ಷೆಗಳಲ್ಲಿ ಗೆದ್ದಿದ್ದುವು. ಆದರೆ ತಯಾರಾದ ನಳಿಗೆಗಳನ್ನು ವಿಕಿರಣಶೀಲ ಆಕರವೊಂದರ ಸಾಧಾರಣ ಪ್ರಖರತೆಗೆ ಒಡ್ಡಿದಾಗ ಅವುಗಳ ಮಿಡಿತ ಇಳಿಯತೊಡಗಿತು! ಅಷ್ಟು ನಳಿಗೆಗಳನ್ನು ಮತ್ತೆ ಮಾಡುವುದೆಂತು? ಹುಡುಕಿದಾಗ ಕಾರಣ ಸಿಕ್ಕಿದ್ದು ಭಾಗಗಳನ್ನು ಜೋಡಿಸಲು ಬಳಸಿದ ಅಂಟಿನಲ್ಲಿ. ಅದನ್ನು ಮೆದುಗೊಳಿಸಲು ಬೆರೆಸಿದ್ದ ವಸ್ತು ಮೆಲ್ಲನೆ ಆವಿಯಾಗುತ್ತಿದ್ದಿತು.

ವಿಚಿತ್ರವೆಂದರೆ ಹಾನಿ ಕಂಡುಬಂದುದು ಆಕರದ ನೇರ ಕೆಳಗಲ್ಲ, ಅನಿಲ ಒಳಬರುವ ಕಡೆಯಲ್ಲಿ. ಆಕರದ ಬಳಿ ಹುಟ್ಟಿದ ಓಜೋನ್ ಅನಿಲದೊಡನೆ ಮುಂದೆ ಸಾಗಿ ಆ ಭಾಗವನ್ನು ಕಾಪಾಡುತ್ತಿದ್ದಿತು. ಹಿಂದಿನ ಭಾಗಕ್ಕೆ ಆ ರಕ್ಷೆ ಇರಲಿಲ್ಲ. ಈ ಸುಳಿವೇ ಮದ್ದನ್ನೂ ಸೂಚಿಸಿತು. ನಳಿಗೆಗಳನ್ನು ಬೆಚ್ಚಗೆ ಮಾಡಿ ದೀರ್ಘಕಾಲ ಅನಿಲ ಹಾಯಿಸಿ ಆವಿಯನ್ನು ಕಳೆದರು. ಮಿಶ್ರಣಕ್ಕೆ ಶೇಕಡ 1.5ರಷ್ಟು ಆಮ್ಲಜನಕವನ್ನು ಸೇರಿಸಿದರು. ಆಮ್ಲಜನಕ ಎಲೆಕ್ಟ್ರಾನುಗಳನ್ನು ಹಿಡಿದು ನುಂಗುವ ಅನಿಲ. ಸಾಮಾನ್ಯವಾಗಿ ಶೋಧಕದಿಂದ ಅದನ್ನು ದೂರವಿಡುವುದೇ ವಾಡಿಕೆ. ಇಲ್ಲಿ ಆ ಕಶ್ಮಲವೇ ಬೇಕಾಯಿತು. 2010ರಲ್ಲಿ ಕೆಲಸಕ್ಕೆ ತೊಡಗಿದ ಈ ನಳಿಗೆಗಳಲ್ಲಿ ಮೊದಲ ಮೂರು ವರ್ಷಗಳ ಓಟದಲ್ಲಿ ಅಂಥ ನಷ್ಟ ಕಾಣಲಿಲ್ಲ. 2018ರವರೆಗೆ ದುಡಿದ ಮೇಲೆ ಅವುಗಳ ಸ್ಥಾನಕ್ಕೆ ಮಿನುಗುವ ಎಳೆಗಳ ಶೋಧಕ ಬಂದಿತು.