ಕ್ಯಾಮ್ ದೊಡ್ಡದಾದಷ್ಟೂ ಗಾಡಿ ಜೋರೇ?

ಅಮೆರಿಕದ ಅರವತ್ತರ ದಶಕದ ಕಮಾರೊ, ಶೆವೆಲ್, ಮಸ್ಟಾಂಗ್‌ಗಳ ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಕ್ಯಾಮ್‌ಶಾಫ್ಟ್ ದೊಡ್ಡದಾದಷ್ಟೂ ಗಾಡಿ ಜೋರು. ಅದನ್ನು ನಂಬಿ ಹಣ ಸುರಿದ ಮೇಲೆ ಗಾಡಿ ಮೊದಲಿಗಿಂತ ಮಂದವಾಗುವುದು ಅಪರೂಪವೇನಲ್ಲ.

ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಎತ್ತರಕ್ಕೆ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು (ಇದೇ ಡ್ಯುರೇಶನ್) ಎಂಬುದೆಲ್ಲ ಕ್ಯಾಮ್‌ನ ಲೋಬ್‌ಗಳ ಆಕಾರದಲ್ಲೇ ಇರುತ್ತದೆ. ದೊಡ್ಡ ಕ್ಯಾಮ್‌ನಲ್ಲಿ ಪಿಸ್ಟನ್ ಮೇಲೇರತೊಡಗಿ ಬಹಳ ಹೊತ್ತಾದರೂ ಇಂಟೇಕ್ ವಾಲ್ವ್ ಮುಚ್ಚಿರುವುದಿಲ್ಲ. 6000 ಆರ್‌ಪಿಎಂನಲ್ಲಿ ಇದರಿಂದ ಲಾಭವೇ. ನುಗ್ಗಿ ಬರುವ ಗಾಳಿ ತನ್ನ ವೇಗದಿಂದಲೇ ಸಿಲಿಂಡರ್ ತುಂಬುತ್ತಿರುತ್ತದೆ. 1500ರಲ್ಲಿ ಗಾಳಿಗೆ ಆ ವೇಗವಿಲ್ಲ, ಪಿಸ್ಟನ್ ಅದನ್ನು ಮ್ಯಾನಿಫೋಲ್ಡ್‌ಗೇ ವಾಪಸ್ ತಳ್ಳುತ್ತದೆ. ಕಂಪ್ರೆಶನ್ ಇಳಿಯುತ್ತದೆ, ಪಿಕಪ್ ಹೋಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಗಳಿಸಿದ್ದಕ್ಕೆ ಕೆಳಗೆ ಬೆಲೆ ತೆರಲೇಬೇಕು.

ಷೆವರ್ಲೆ ಕಂಪನಿಯ ಹೆಸರಾಂತ 'ಡಂಟೊವ್ 30-30' ಕ್ಯಾಮ್ ನೋಡಿ. 0.050 ಇಂಚು ಎತ್ತರದಲ್ಲಿ ಅಳೆದರೆ ಇದರ ಡ್ಯುರೇಶನ್ 254 ಡಿಗ್ರಿ. 1967ರ ಕಮಾರೊ ಜೆಡ್/28ರಲ್ಲಿ ಇದು ಮೆರೆಯಿತು ನಿಜ. ಆದರೆ ಆ 302 ಘನ ಇಂಚಿನ ಇಂಜಿನ್‌ನ ಕಂಪ್ರೆಶನ್ 11ಕ್ಕೆ 1; ಗೇರ್ ಬಾಕ್ಸ್ ನಾಲ್ಕು ಗೇರಿನ ಮ್ಯಾನುವಲ್ ಮಾತ್ರ; ಆ್ಯಕ್ಸಲ್ ಗೇರ್ 3.73. ಇಡೀ ಗಾಡಿಯನ್ನೇ ಹೆಚ್ಚಿನ ಆರ್‌ಪಿಎಂನಲ್ಲಿ ಓಡಲೆಂದು ಕಟ್ಟಿದ್ದರು. ಅದೇ ಕ್ಯಾಮನ್ನು ಕಡಿಮೆ ಕಂಪ್ರೆಶನ್‌ನ 350 ಇಂಜಿನ್‌ಗೆ ಹಾಕಿ, ಹಿಂದೆ ಮಾಮೂಲಿ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇಟ್ಟರೆ ಸಿಗ್ನಲ್ ಬಿಟ್ಟಾಗ ಗಾಡಿ ಮುಗ್ಗರಿಸುತ್ತದೆ. ತಪ್ಪು ಕ್ಯಾಮ್‌ನದ್ದಲ್ಲ.

ಇನ್ನೊಂದು ನಂಬಿಕೆ ಸದ್ದಿನದು. ಐಡಲಿಂಗ್‌ನಲ್ಲಿ ಗಾಡಿ ಗಡಗಡ ನಡುಗಿದರೆ ಒಳಗೆ ಭಾರಿ ಶಕ್ತಿಯಿದೆ ಎಂದುಕೊಳ್ಳುತ್ತಾರೆ. ಆ ನಡುಕ ಹುಟ್ಟುವುದು ಇಂಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾದಾಗ. ಸುಟ್ಟ ಹೊಗೆ ಹೊಸ ಮಿಶ್ರಣಕ್ಕೆ ಬೆರೆತು ಉರಿ ಸರಿಯಾಗಿ ಹತ್ತುವುದಿಲ್ಲ. ಡ್ಯುರೇಶನ್ ಅಷ್ಟೇ ಇಟ್ಟು, ಲೋಬ್‌ಗಳ ನಡುವಿನ ಕೋನವನ್ನು 114ರಿಂದ 108 ಡಿಗ್ರಿಗೆ ಇಳಿಸಿದರೂ ಈ ಸದ್ದು ಜೋರಾಗುತ್ತದೆ. ಜೊತೆಗೆ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಕುಸಿಯುತ್ತದೆ. ಪವರ್ ಬ್ರೇಕ್ ನಡೆಯುವುದೇ ಆ ವ್ಯಾಕ್ಯೂಮ್‌ನಿಂದ. ಸದ್ದಿನ ಆಸೆಗೆ ಬ್ರೇಕ್ ಕೈಕೊಡುವಂತೆ ಮಾಡಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಆಯ್ಕೆ.

ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿರುವ ಡ್ಯುರೇಶನ್ ಹೋಲಿಸುವುದೂ ವ್ಯರ್ಥ. ಒಂದೊಂದು ಕಂಪನಿ ಒಂದೊಂದು ಎತ್ತರದಿಂದ ಅಳೆಯುತ್ತದೆ. 0.050 ಇಂಚಿನ ಅಳತೆಯನ್ನೇ ಹೋಲಿಸಿ.

ಫ್ಲಾಟ್ ಟ್ಯಾಪೆಟ್ ಕ್ಯಾಮ್‌ನ ಲೋಬ್ ಬೇಗ ಸವೆದರೆ 'ಮಾಲೇ ಸರಿಯಿಲ್ಲ' ಎನ್ನುವವರು ಬಹಳ. ಕೆಲವೊಮ್ಮೆ ನಿಜವಿರಬಹುದು. ಆದರೆ ಹೆಚ್ಚಿನ ಸಲ ಮೊದಲ ಅರ್ಧ ಗಂಟೆಯ ಅಜಾಗರೂಕತೆಯೇ ಮುಳುವು. ಲೋಬ್ ಮೇಲೆ ಕೂರುವ ಟ್ಯಾಪೆಟ್‌ನ ತಳ ತುಸು ಉಬ್ಬಿರುತ್ತದೆ, ಲೋಬ್ ತುಸು ಓರೆಯಾಗಿರುತ್ತದೆ. ಇದರಿಂದ ಟ್ಯಾಪೆಟ್ ತನ್ನ ಸುತ್ತ ತಾನೇ ತಿರುಗುತ್ತದೆ. ಹಾಗೆ ತಿರುಗದೆ ಒಂದೇ ಕಡೆ ಉಜ್ಜಿದರೆ ಲೋಬ್ ನಿಮಿಷಗಳಲ್ಲೇ ಕೆಡಬಹುದು. ವಾಲ್ವ್ ಕವರ್ ತೆಗೆದು ಇಂಜಿನ್ ತಿರುಗುವಾಗ ನೋಡಿದರೆ ಪುಶ್‌ರಾಡ್‌ಗಳು ಮೆಲ್ಲಗೆ ಸುತ್ತುವುದು ಕಾಣುತ್ತದೆ; ಸುತ್ತದೆ ನಿಂತದ್ದರ ಕೆಳಗೆ ತೊಂದರೆಯಿದೆ. ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಎಂದೂ ಬೇಡ. ಇಂದಿನ ಕಾರುಗಳ ಆಯಿಲ್‌ನಲ್ಲಿ ಲೋಬ್ ಸವೆಯದಂತೆ ಕಾಯುವ ಜಿಂಕ್, ರಂಜಕ ಕಡಿಮೆ. ಅವು ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಹಾಕಿ. ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ, ಸುಮಾರು 2000ದಿಂದ 2500 ಆರ್‌ಪಿಎಂನಲ್ಲಿ 20ರಿಂದ 30 ನಿಮಿಷ ಓಡಿಸಿ.

ಕ್ಯಾಮ್ ಕಂಪನಿಗೆ ಫೋನ್ ಮಾಡುವ ಮುನ್ನ ಕಂಪ್ರೆಶನ್, ಗಾಡಿಯ ತೂಕ, ಆ್ಯಕ್ಸಲ್ ಗೇರ್, ಟಾರ್ಕ್ ಕನ್ವರ್ಟರ್, ಬ್ರೇಕ್ ಯಾವ ಬಗೆಯದು ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ದಿನನಿತ್ಯ ಎಷ್ಟು ಆರ್‌ಪಿಎಂನಲ್ಲಿ ಓಡಿಸುತ್ತೀರಿ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿ. ಕೊನೆಗೆ ಎರಡು ಕ್ಯಾಮ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ, ರಸ್ತೆಯ ಗಾಡಿಗೆ ಚಿಕ್ಕದನ್ನೇ ತೆಗೆದುಕೊಳ್ಳಿ.